ರೆಕ್ಕೆ ಬಿಚ್ಚಿದ ತಲೆಕಟ್ಟು

ಮಾರ್ಚ್ ತಿಂಗಳ ಕೊನೆಯ ಭಾನುವಾರ, ಬೆಳಗಿನ ಐದು ಗಂಟೆ. ಕೋಡಂಬಾಕಂನ ಸ್ಟುಡಿಯೋ ಒಂದರಲ್ಲಿ ಹಿಂದಿನ ದಿನದ ಚಿತ್ರೀಕರಣದ ಅರಮನೆ ಇನ್ನೂ ನಿಂತಿದೆ. ಅದರ ರಾಜರಾಣಿಯರು ಮಾತ್ರ ಬಣ್ಣ ಒರೆಸಿಕೊಂಡು ಮನೆಗೆ ಹೋಗಿದ್ದಾರೆ. ಹಿಂಬದಿಯ ಉಗ್ರಾಣಕ್ಕೆ ಅಂಟಿಕೊಂಡ ಕಿರುಕೋಣೆಯಲ್ಲಿ ಎರಡು ದೀಪ ಹೊತ್ತಿಕೊಳ್ಳುತ್ತವೆ. ಕಬ್ಬಿಣದ ಚೌಕಟ್ಟಿನಲ್ಲಿ ನೆಲ ನೋಡುತ್ತ ತೂಗುವ ಕ್ಯಾಮೆರಾ. ಅದರ ಕಣ್ಣಿನ ನೇರಕ್ಕೆ ಒಂದು ಹಲಗೆ. ಹಲಗೆಗೆ ಬಡಿದ ಎರಡು ಮೊಳೆ. ಚಿತ್ರಮಂದಿರದ ಕತ್ತಲಲ್ಲಿ ಕುಳಿತು ನಾವು ಓದುವ ಹೆಸರುಗಳೆಲ್ಲ ಹುಟ್ಟುವುದು ಇಲ್ಲಿ.

ಇಂದು ಮಾತ್ರ ಯಾರ ಹೆಸರೂ ಹುಟ್ಟಬೇಕಾಗಿಲ್ಲ. ನೆಲದ ಮೇಲೆ ಎಂಬತ್ತನಾಲ್ಕು ಕಪ್ಪು ಹಾಳೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಪ್ರತಿ ಹಾಳೆಯ ಮೇಲೂ ಬಿಳಿ ಬಣ್ಣದಲ್ಲಿ ಒಂದು ‘ಕ’; ಅದರ ನೆತ್ತಿಯ ಮೇಲೆ ಒಂದು ಹಕ್ಕಿ. ಹಾಳೆಗಳ ಮುಂದೆ ತಲೆಗೆ ಕೈಹೊತ್ತು ಕೂತವರು ಐತಪ್ಪ. ವಯಸ್ಸು ಮೂವತ್ತಮೂರು, ವೃತ್ತಿ ಸಿನಿಮಾ ಶೀರ್ಷಿಕೆಗಳ ಅಕ್ಷರ ಬರೆಯುವುದು. ರೈಲು ಇಳಿಯುವಾಗ ಕಟ್ಟು ಬಿಚ್ಚಿ ಹಾಳೆಗಳೆಲ್ಲ ಕಲಸಿಹೋಗಿವೆ. ಮೂಲೆಯಲ್ಲಿ ಅಂಕಿ ಹಾಕಿದ್ದಾರೆ, ನಿಜ. ಆದರೆ ಅವರು ಅಂಕಿ ಹಾಕುವುದು ಒಂದೊಂದು ಸೆಕೆಂಡಿಗೆ ಒಂದರಿಂದ ಹನ್ನೆರಡರವರೆಗೆ. ಏಳು ಸೆಕೆಂಡಿನ ಕಟ್ಟಿನಲ್ಲಿ ಏಳು ಒಂದು, ಏಳು ಎರಡು, ಏಳು ಮೂರು.

“ಏನಯ್ಯಾ ಐತಪ್ಪ, ಇದೇನು ಇಸ್ಪೀಟ್ ಎಲೆನಾ?” ಎನ್ನುತ್ತಾರೆ ಕಿಟ್ಟಣ್ಣ. ಅವರು ಶೀರ್ಷಿಕೆ ಕ್ಯಾಮೆರಾದ ಯಜಮಾನ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡ ಮನೆತನದವರು. “ಏಳು ಗಂಟೆಗೆ ರೂಮ್ ಬಿಡ್ಬೇಕು. ಡಬ್ಬೀಲಿರೋದು ಹನ್ನೆರಡೇ ಅಡಿ ಫಿಲ್ಮು. ಒಂದು ಹಾಳೆ ಹಿಂದೆ ಮುಂದೆ ಆಯ್ತೋ, ಪೋಚ್ಚು, ಎಲ್ಲಾ ಹೋಯ್ತು! ಸೀಕ್ರಂ, ಬೇಗ ಏನಾದ್ರೂ ಮಾಡು.”

ಆಗ ಬಾಗಿಲ ಬಳಿ ಕೂತಿದ್ದ ಐತಪ್ಪನವರ ಹೆಂಡತಿ ಅಕ್ಕು ಸೆರಗು ಸಿಕ್ಕಿಸಿಕೊಂಡು ಏಳುತ್ತಾರೆ. “ಇಬ್ಬರೂ ಸ್ವಲ್ಪ ಆಚೆ ಸರೀರಿ ಮಾರ್ರೆ, ಬೆಳಕಿಗೆ ಅಡ್ಡ ಆಗ್ತದೆ. ನಿಮ್ಮ ನಂಬ್ರ ನೀವೇ ಇಟ್ಟುಕೊಳ್ಳಿ. ರೆಕ್ಕೆ ಎಷ್ಟು ಬಿಚ್ಚಿದೆ ಅಂತ ನೋಡಿದ್ರೆ ಆಯ್ತಲ್ಲ, ಇದಕ್ಕೆ ಓದ್ಲಿಕ್ಕೆ ಯಾಕೆ ಬರಬೇಕು?”

ಅಕ್ಕು ಅವರಿಗೆ ಓದು ಬರುವುದಿಲ್ಲ. ರಾಯಪುರಂನ ಕಡಲ ದಂಡೆಯಲ್ಲಿ ಹರಿದ ಬಲೆ ಹೆಣೆಯುವುದು ಅವರ ದುಡಿಮೆ. ಸಾವಿರ ಕಣ್ಣಿನ ಬಲೆಯಲ್ಲಿ ಕಳಚಿದ ಒಂದು ಕಣ್ಣನ್ನು ಬೆರಳಿನಿಂದಲೇ ಪತ್ತೆಮಾಡಬಲ್ಲವರು. ಅರ್ಧ ಗಂಟೆಯಲ್ಲಿ ಎಂಬತ್ತನಾಲ್ಕು ಹಾಳೆಗಳೂ ಸಾಲುಗೂಡುತ್ತವೆ. ಐತಪ್ಪ ಒಂದೊಂದನ್ನೇ ಎತ್ತಿ, ಅದರ ಎರಡು ತೂತುಗಳನ್ನು ಹಲಗೆಯ ಎರಡು ಮೊಳೆಗಳಿಗೆ ಸಿಕ್ಕಿಸುತ್ತಾರೆ. ಕಿಟ್ಟಣ್ಣ ಗುಂಡಿ ಒತ್ತುತ್ತಾರೆ. ಹಾಳೆಗೆ ಎರಡು ಸಲ. ಏಳಕ್ಕೆ ಐದು ನಿಮಿಷ ಇರುವಾಗ ಕೊನೆಯ ಹಾಳೆ ಮುಗಿಯುತ್ತದೆ. ಒಂದೂವರೆ ಅಡಿ ಫಿಲ್ಮು ಉಳಿದಿದೆ.

ಮೂವತ್ತಾರು ಭಾನುವಾರಗಳ ಕೆಲಸ ಅಂದು ಮುಗಿದದ್ದು ಹೀಗೆ. ಕಥೆಯಿಲ್ಲದ, ನಟರಿಲ್ಲದ, ಕನ್ನಡದ ಅಕ್ಷರಗಳೇ ಚಿತ್ರವಾಗಿ, ಕವಿತೆಯಾಗಿ ಓಡಾಡುವ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ಚಿತ್ರವೊಂದು ಮದರಾಸಿನ ಒಂದು ಉಗ್ರಾಣದ ಪಕ್ಕದಲ್ಲಿ ಸಿದ್ಧವಾಯಿತು. ಅದರ ಹೆಸರು ‘ತಲೆಕಟ್ಟು’.

ಐತಪ್ಪ ಮಲ್ಪೆಯ ಆಸುಪಾಸಿನ ಮೀನುಗಾರರ ಮನೆಯ ಹುಡುಗ. ನಮ್ಮ ಕರಾವಳಿಯ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಊರಿನವರ ಬೆನ್ನು ಹಿಡಿದು ಇಲ್ಲಿಗೆ ಬಂದು, ಬಂದರಿನ ಹತ್ತಿರ ವಿಷ್ಣುಮೂರ್ತಿ ಭಟ್ಟರ ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ ಹಿಡಿದರು. ಬೆಳಗಿನ ತಿಂಡಿಯ ಪಟ್ಟಿ ಬರೆಯುವವನಿಗೆ ಒಂದು ದಿನ ಜ್ವರ ಬಂತು. ಸುಣ್ಣದ ಕಡ್ಡಿ ಐತಪ್ಪನವರ ಕೈಗೆ ಬಂತು. “ಅವ ಬರೆದ ‘ಗೋಳಿಬಜೆ’ ಹಲಗೆಯಿಂದ ಉರುಳಿ ಬಟ್ಟಲಿಗೆ ಬೀಳ್ತದೋ ಅಂತ ಕಾಣ್ತಿತ್ತು” ಎಂದು ಭಟ್ಟರು ಈಗಲೂ ನಗುತ್ತಾರೆ. “ಓದಿದವ ಹಸಿವಾಗಿ ಒಳಗೆ ಬರ್ತಿದ್ದ. ಓದ್ಲಿಕ್ಕೆ ಬಾರದವನೂ ಬರ್ತಿದ್ದ!”

ಆ ಹಲಗೆಯ ಮುಂದೆ ಒಂದು ಬೆಳಿಗ್ಗೆ ಕಾಫಿಯ ಲೋಟ ಹಿಡಿದು ನಿಂತುಬಿಟ್ಟವರು ಕಿಟ್ಟಣ್ಣ. ೧೯೫೧ರಲ್ಲಿ ಅವರೇ ಐತಪ್ಪನವರನ್ನು ಸ್ಟುಡಿಯೋಗೆ ಕರೆತಂದರು. ಅಲ್ಲಿದ್ದ ಹಳೆಯ ಕಲಾವಿದರು ಮೂರು ತಿಂಗಳು ಒಂದಕ್ಷರವನ್ನೂ ಬರೆಯಗೊಡಲಿಲ್ಲ. ದಿನಕ್ಕೆ ಮುನ್ನೂರು ಅಡ್ಡಗೆರೆ, ಅಷ್ಟೇ. ಕುಂಚ ಎಡದಲ್ಲಿ ಇಳಿದು ಬಲದಲ್ಲಿ ಏಳುವಷ್ಟರಲ್ಲಿ ಉಸಿರು ಅಲುಗಬಾರದು. “ಕನ್ನಡದ ಅಕ್ಷರ ಇರುವುದೇ ತಲೆಯ ಮೇಲಿನ ಗೆರೆಯಲ್ಲಿ ಅಂತ ಹೇಳ್ತಿದ್ದರು. ಅದು ಸರಿ ಇದ್ದರೆ ಕೆಳಗಿನದ್ದು ತಾನೇ ಕೂತುಕೊಳ್ತದೆ” ಎಂದು ಐತಪ್ಪ ಗುರುವಿನ ಮಾತನ್ನು ನೆನೆಯುತ್ತಾರೆ.

ಆ ಗೆರೆಯೇ ಅವರನ್ನು ಕೆಡವಿತು.

ಮದರಾಸಿನಲ್ಲಿ ಚಿತ್ರಗಳು ಅವಳಿಗಳಾಗಿ ಹುಟ್ಟುವುದುಂಟು. ಅದೇ ಅರಮನೆ, ಅದೇ ಕುದುರೆ, ಬೆಳಿಗ್ಗೆ ತೆಲುಗು, ಸಂಜೆ ಕನ್ನಡ. ೧೯೫೮ರಲ್ಲಿ ‘ಕನಕವಲ್ಲಿಯ ಕಂಕಣ’ ಎಂಬ ಚಿತ್ರಕ್ಕೆ ಎರಡೂ ಭಾಷೆಯ ಶೀರ್ಷಿಕೆ ಒಂದೇ ದಿನ ಬೇಕಾಯಿತು. ಒಂದೇ ಮೇಜು, ಎರಡು ಹಲಗೆ, ಒಂದೇ ಕುಂಚ. ತೆಲುಗಿನವರ ತಲೆಕಟ್ಟು ಕೊಕ್ಕೆಯಂತೆ ಇಳಿದು ಮೇಲಕ್ಕೆ ಚಿಮ್ಮುತ್ತದೆ. ನಮ್ಮದು ನೀರಿನಂತೆ ಮಟ್ಟಸವಾಗಿ ಮಲಗುತ್ತದೆ. ಅಂದು ಹತ್ತಾರು ತೆಲುಗು ಅಕ್ಷರ ಬರೆದು ಕನ್ನಡಕ್ಕೆ ಹೊರಳಿದ ಕೈ ಮೂರನೆಯ ‘ಕ’ಕ್ಕೆ ಬಂದಾಗ ಮಲಗಲು ಮರೆತು ಚಿಮ್ಮಿತು. ಮೊಳದಗಲದ ಹಲಗೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಬೆಂಗಳೂರಿನ ಬೆಳ್ಳಿತೆರೆಯ ಮೇಲೆ ಅದೇ ಕೊಕ್ಕೆ ಆಳೆತ್ತರ ನಿಂತಿತು. “ಏಯ್, ತೆಲುಗು ಪಿಕ್ಚರ್ ಹಾಕವ್ರೆ ಕಣ್ರೋ! ರೀಲು ಬದ್ಲಾಯ್ಸ್ರೋ!” ಎಂದು ಮುಂದಿನ ಬೆಂಚಿನವರು ಸಿಳ್ಳೆ ಹೊಡೆದರು. ಮೂರನೆಯ ದಿನ ಚಿತ್ರದ ನಿರ್ಮಾಪಕರೂ ವಿತರಕರೂ ಆದ ಸೀತಾರಾಮಯ್ಯನವರು ಆ ಫಿಲ್ಮಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ರೈಲಿನಲ್ಲಿ ಬಂದಿಳಿದರು. ಎಲ್ಲರ ಎದುರು ಅದನ್ನು ದೀಪಕ್ಕೆ ಹಿಡಿದು, “ಕನ್ನಡದ ತಲೆಗೆ ತೆಲುಗು ರುಮಾಲು ಸುತ್ತಿದ್ದೀಯಲ್ಲಯ್ಯಾ! ನೀನು ಯಾವ ಊರಿನವನು? ಇನ್ನು ನನ್ನ ಒಂದು ಚಿತ್ರಕ್ಕೂ ಇವನ ಕೈ ತಾಗಬಾರದು” ಎಂದರು. ಉಳಿದ ಕನ್ನಡ ನಿರ್ಮಾಪಕರೂ ಅದನ್ನೇ ಅನುಸರಿಸಿದರು.

ಅಂದಿನಿಂದ ಐತಪ್ಪನವರ ಹೆಸರು ಸ್ಟುಡಿಯೋದಲ್ಲಿ ‘ರುಮಾಲು’. “ರುಮಾಲ್, ನನ್ಗೂ ಒಂದು ಕಾಪಿ ಸೊಲ್ಲು” ಎಂದು ಕ್ಯಾಂಟೀನಿನಲ್ಲಿ ಕಾಫಿ ತರಿಸಲು ಕೂಗುವವರಿಗೆ ಅದರ ಕಥೆಯೂ ಮರೆತಿತ್ತು. ದಿನಕ್ಕೆ ಇಪ್ಪತ್ತೈದು ಕಾರ್ಡು ತೆಲುಗು ಬರೆದರು, ತಮಿಳು ಕಲಿತು ಬರೆದರು. ಎರಡರಲ್ಲೂ ಅವರ ಗೆರೆಗೆ ಹೆಸರು ಬಂತು. ಕನ್ನಡ ಮಾತ್ರ ಐದೂವರೆ ವರ್ಷ ಆ ಕುಂಚಕ್ಕೆ ಸಿಗಲಿಲ್ಲ. “ಊರಿಗೆ ಕಾಗದ ಬರೀಲಿಕ್ಕೂ ಕೈ ಹೆದರ್ತಿತ್ತು. ನನ್ನದೇ ಮನೆಯ ಬಾಗಿಲು ತಟ್ಟಿ, ಯಾರು ಅಂತ ಕೇಳಿಸಿಕೊಂಡ ಹಾಗೆ” ಎನ್ನುವಾಗ ಅವರು ತಲೆಯೆತ್ತುವುದಿಲ್ಲ.

ಕೆಟ್ಟ ಶೀರ್ಷಿಕೆಯ ಹಲಗೆಯನ್ನು ಅವರು ಎಸೆಯಲಿಲ್ಲ. ಅದು ರಾಯಪುರಂನ ಒಂದು ಕೋಣೆಯ ಮನೆಯಲ್ಲಿ ನೀರಿನ ಕೊಡದ ಮುಚ್ಚಳವಾಯಿತು. ಐದು ವರ್ಷ ಕೊಡದ ಮೇಲೆ ಮಲಗಿದ್ದ ಅದನ್ನು ಕಳೆದ ಜುಲೈಯ ಒಂದು ಬೆಳಿಗ್ಗೆ ಅಕ್ಕು ತೊಳೆದು ಬಿಸಿಲಿಗೆ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಇದ್ರ ತಲೆ ಮೇಲೆ ಒಂದು ಕಾಗೆ ಕೂತಿದೆ, ನೋಡಿ.”

“ಕಾಗೆಯೂ ಇಲ್ಲ, ಎಂಥದೂ ಇಲ್ಲ. ಅದೇ ತಪ್ಪು ಅದು. ಅದ್ರಿಂದಲೇ ನನ್ನ ಕನ್ನಡ ಹೋದದ್ದು.”

“ತಪ್ಪು ಎಂಥದು ಮಾರ್ರೆ? ಕಾಗೆ ಕೂತದ್ದು ನಿಮ್ಮ ತಪ್ಪಾ? ಓಡ್ಸಿದ್ರೆ ಹಾರಿಹೋಗ್ತದಪ್ಪ. ಐದು ವರ್ಷದಿಂದ ಮುಖ ಊದಿಸಿಕೊಂಡು ಕೂತದ್ದು ಇದಕ್ಕಾ?”

ಐತಪ್ಪ ಹೆಂಡತಿಯನ್ನು ನೋಡಿದರು. ಹಲಗೆಯನ್ನು ನೋಡಿದರು. ಆಮೇಲೆ ತಾವು ಬರೆದಿದ್ದ ಅಕ್ಷರಗಳನ್ನೆಲ್ಲ ಒಂದೊಂದಾಗಿ ಅವರಿಗೆ ತೋರಿಸಿ ಕೇಳಿದರು: ಇದು ಏನು? ಅಕ್ಕು ಕಂಡದ್ದನ್ನು ಹೇಳುತ್ತ ಹೋದರು. ‘ರ’ ಎಂದರೆ ಮುಚ್ಚಳ ಹಾಕಿದ ಮಡಕೆ. ‘ಗ’ ಎಂದರೆ ಬಾಗಿಲು. ‘ಠ’ ಎಂದರೆ ಹುಬ್ಬು ಗಂಟಿಕ್ಕಿದ ಕಣ್ಣು. ಎರಡು ಇಟ್ಟರೆ ನಿಮ್ಮನ್ನು ಬೈದ ಆ ಬೆಂಗಳೂರಿನ ಯಜಮಾನರು. ‘ಬ’ ದೋಣಿ. ‘ಲ’ವನ್ನು ಸಾಲಾಗಿ ಬರೆದು ತೋರಿಸಿದಾಗ ಅಕ್ಕು ಕೇಳಿದ್ದು ಒಂದೇ: “ಇದು ನಮ್ಮ ಮಲ್ಪೆಯ ಕಡಲೋ, ಇಲ್ಲಿಯದೋ?”

ಮರಳಿನ ಮೇಲೆ ಬೆರಳಿಟ್ಟು ಮೊದಲ ಅಕ್ಷರ ತಿದ್ದಿದ ದಿನ ನಮಗೆಲ್ಲರಿಗೂ ಅದು ಚಿತ್ರವೇ ಆಗಿತ್ತು. ಓದಲು ಕಲಿತೆವು, ನೋಡುವುದನ್ನು ಮರೆತೆವು. ನಮ್ಮ ಹೊಸ ಕಾವ್ಯ ಪ್ರಾಸವನ್ನು ಬಿಟ್ಟಿತು, ಹಳೆಯ ಛಂದಸ್ಸನ್ನು ಬಿಟ್ಟಿತು, ಹೊರೆಯೆನಿಸಿದ ಅಲಂಕಾರಗಳನ್ನೆಲ್ಲ ದಾರಿಯ ಬದಿಯಲ್ಲಿ ಇಳಿಸಿ ಬಂದಿತು. ಆದರೂ ಅರ್ಥವನ್ನು ಅರೆಗಳಿಗೆ ಕೆಳಗಿಟ್ಟು, ಅಕ್ಷರದ ಮೈಯನ್ನೇ ಕಣ್ತುಂಬ ನೋಡುವ ಧೈರ್ಯ ಪಂಡಿತರಿಗೆ ಬರಲಿಲ್ಲ. ಅದು ಬಲೆ ಹೆಣೆಯುವ ಒಬ್ಬ ಹೆಂಗಸಿನ ಕಣ್ಣಿನಲ್ಲಿತ್ತು. ಬೇರೆ ದಾರಿಯಿಲ್ಲದೆ, ಅಷ್ಟು ವರ್ಷವೂ ಅಲ್ಲೇ ಇತ್ತು.

ಕೆಲಸದ ಲೆಕ್ಕ ಹೀಗಿದೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಹನ್ನೆರಡು ಹಾಳೆ. ಸ್ಟುಡಿಯೋದಿಂದ ಮನೆಗೆ ಬಂದು ಐತಪ್ಪ ದಿನಕ್ಕೆ ಹನ್ನೆರಡು ಹಾಳೆ ಬರೆಯುತ್ತಾರೆ. ಎಂದರೆ ದಿನಕ್ಕೆ ಒಂದು ಸೆಕೆಂಡು. ವಾರಕ್ಕೆ ಏಳು. ಭಾನುವಾರ ಮೊದಲ ರೈಲು ಹಿಡಿದು ಆ ಏಳು ಸೆಕೆಂಡನ್ನು ಕ್ಯಾಮೆರಾದೊಳಗೆ ಇಳಿಸುತ್ತಾರೆ. ದೊಡ್ಡ ಚಿತ್ರಗಳವರು ಕತ್ತರಿಸಿ ಬಿಟ್ಟ, ಇಪ್ಪತ್ತು ಅಡಿಗೂ ಕಡಿಮೆಯ ಫಿಲ್ಮಿನ ತುಂಡುಗಳನ್ನು ಕೊಡಲು ಸ್ಟುಡಿಯೋದ ಮ್ಯಾನೇಜರು ಒಪ್ಪಿದ್ದರು. ಅಂಥ ಮೂವತ್ತೊಂದು ತುಂಡು. ಒಟ್ಟು ಮೂರು ಸಾವಿರದ ಇಪ್ಪತ್ತನಾಲ್ಕು ಹಾಳೆ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಬಲೆ ಒಣಗಿಸುವ ಹಗ್ಗದಲ್ಲಿ ಕನ್ನಡ ಒಣಗಿಸಿದ್ದೇನೆ” ಎನ್ನುತ್ತಾರೆ ಅಕ್ಕು.

“ಮೊದ್ಲು ನಾನು, ಈತಂಗೆ ಪೈತ್ಯ ಹಿಡೀತು ಅಂತಾನೇ ಅಂದ್ಕೊಂಡೆ” ಎಂದು ಕಿಟ್ಟಣ್ಣ ಒಪ್ಪಿಕೊಳ್ಳುತ್ತಾರೆ. “ಹತ್ತನೇ ವಾರ ಒಂದು ತುಂಡು ಲ್ಯಾಬಲ್ಲಿ ತೊಳೆಸಿ ಓಡಿಸಿ ನೋಡ್ದೆ. ಮಡಕೆ ಮುಚ್ಚಳ ಕುಣೀತಾ ಇದೆ ಸ್ವಾಮಿ! ‘ರ’ ಅಲ್ವಾ ಅದು, ದಿನಾ ನೋಡೋ ‘ರ’! ಅವತ್ತಿಂದ ನಾನೇ ಅವ್ನಿಗಿಂತ ಮುಂಚೆ ಬಂದು ದೀಪ ಹಾಕ್ತಾ ಇದ್ದೆ.”

ಯುಗಾದಿಯ ನಂತರದ ಭಾನುವಾರ, ಮಾಂಬಲಂನ ಒಂದು ಶಾಲೆಯ ಸಭಾಂಗಣ. ಇಲ್ಲಿಯ ಕನ್ನಡಿಗರ ಸಂಘದವರು ಬೆಳಗಿನ ಚಿತ್ರಪ್ರದರ್ಶನ ಇಟ್ಟಿದ್ದಾರೆ. ರೈಲ್ವೆ, ಬ್ಯಾಂಕು, ವಿಮಾ ಕಚೇರಿಗಳ ಗುಮಾಸ್ತರು, ಹೋಟೆಲುಗಳವರು, ಅವರ ಮನೆಮಂದಿ. ಮುನ್ನೂರು ಜನಕ್ಕೆ ಕಡಿಮೆಯಿಲ್ಲ. ದೊಡ್ಡ ಚಿತ್ರದ ಮೊದಲು ‘ಸ್ಥಳೀಯರೊಬ್ಬರ ಕಿರುಚಿತ್ರ’ ಎಂದು ಆಹ್ವಾನ ಪತ್ರಿಕೆಯಲ್ಲಿ ಒಂದು ಸಾಲು ಅಚ್ಚಾಗಿದೆ. ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತವರನ್ನು ಕಂಡು ಕಿಟ್ಟಣ್ಣ ಐತಪ್ಪನವರ ತೋಳು ಹಿಡಿಯುತ್ತಾರೆ. ಅವರು ಸೀತಾರಾಮಯ್ಯ, ಹೊಸ ಚಿತ್ರದ ಕೆಲಸಕ್ಕೆ ಮದರಾಸಿಗೆ ಬಂದವರನ್ನು ಸಂಘದವರು ಕರೆತಂದಿದ್ದಾರೆ. ಐತಪ್ಪ ಹಿಂದಿನ ಗೋಡೆಗೆ ಆತು ನಿಲ್ಲುತ್ತಾರೆ. ಈ ನಾಲ್ಕು ನಿಮಿಷ ಸೋತರೆ ‘ರುಮಾಲು’ ಎಂಬ ಹೆಸರು ಇನ್ನು ಸಾಯುವತನಕ ಎಂಬುದು ಅವರಿಗೆ ಗೊತ್ತು.

ದೀಪ ಆರುತ್ತದೆ. ತೆರೆಯ ಮೇಲೆ ಕಪ್ಪು; ನಡುವೆ ಒಂದು ಬಿಳಿ ಗೆರೆ ನಿಧಾನವಾಗಿ ಹರಿದು ದಿಗಂತವಾಗುತ್ತದೆ. ಗೆರೆಯ ಕೆಳಗೆ ‘ಲ ಲ ಲ’ ಎಂದು ಅಲೆಗಳೇಳುತ್ತವೆ. ‘ಬ’ ತೇಲಿಬರುತ್ತದೆ. ಒಂದು ಸೊನ್ನೆ ನೀರಿನಿಂದ ಮೇಲೆ ಬಂದು ಬೆಳಗಾಗುತ್ತದೆ. ಚಿತ್ರಕ್ಕೆ ಧ್ವನಿಯಿಲ್ಲ, ಸಭಾಂಗಣದಲ್ಲಿ ಯಂತ್ರದ ಕಟಕಟ ಒಂದೇ. ಯಾರೋ ಕೆಮ್ಮುತ್ತಾರೆ. “ಇದೇನ್ರೀ, ಒಂದನೇ ಕ್ಲಾಸಿನ ಪಾಠವೇ?” ಎಂಬ ಪಿಸುಮಾತು. ದಿಗಂತದ ಗೆರೆ ಮುರಿದು ಚೂರುಗಳಾಗಿ ಅಕ್ಷರಗಳ ನೆತ್ತಿಗೆ ಇಳಿಯುತ್ತದೆ. ‘ರ’ದ ಮುಚ್ಚಳ ಕುದಿದು ಕುಣಿಯುತ್ತದೆ. ಆಗ ಕೊಕ್ಕೆಯೊಂದು ಹಾರಿಬಂದು ‘ಕ’ದ ಮೇಲೆ ಕೂರುತ್ತದೆ, ಎರಡು ‘ಠ’ಗಳು ಮೂಲೆಯಿಂದ ಕಣ್ಣು ಬಿಟ್ಟು ಅದನ್ನು ನೋಡುತ್ತವೆ.

ಹೆಂಗಸರ ಸಾಲಿನಿಂದ ಒಂದು ನಗು ಕೇಳಿಸುತ್ತದೆ. ಅದು ಅಕ್ಕು ಅವರದು.

ಆ ನಗುವಿಗೆ ಕಾದಿದ್ದಂತೆ ಮುಂದಿನ ಸಾಲಿನ ಮಕ್ಕಳು ಎದ್ದು ನಿಲ್ಲುತ್ತಾರೆ. ತಮಿಳು ಶಾಲೆಯಲ್ಲಿ ಓದುವ, ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರಿಸುವ ಮಕ್ಕಳು ಅವರು. ಹಕ್ಕಿಗೆ ಬೆರಳು ತೋರಿಸಿ “ಕಾಕ್ಕಾ! ಕಾಕ್ಕಾ!” ಎಂದು ತಮಿಳಿನಲ್ಲಿ ಕಾಗೆಯನ್ನು ಕೂಗುತ್ತಾರೆ. ಹಿಂದಿನಿಂದ ಯಾರೋ ಹಿರಿಯರು, ತಡೆಯಲಾರದೆ, “ಕ! ಅದು ಕ ಕಣ್ರಪ್ಪಾ, ಕ!” ಎಂದು ತಿದ್ದುತ್ತಾರೆ. ಕಾಕ್ಕಾ, ಕ, ಕಾಕ್ಕಾ, ಕ! ಯಾರು ಅಕ್ಷರವನ್ನು ಕೂಗುತ್ತಿದ್ದಾರೆ, ಯಾರು ಹಕ್ಕಿಯನ್ನು ಕೂಗುತ್ತಿದ್ದಾರೆ ಎಂಬುದು ತಿಳಿಯದಾಗುತ್ತದೆ. ಧ್ವನಿಯಿಲ್ಲದ ಚಿತ್ರಕ್ಕೆ ಮುನ್ನೂರು ಕಂಠಗಳು ಧ್ವನಿ ಕೊಡುತ್ತವೆ. ಗುಮಾಸ್ತರು ‘ಲ’ ಎನ್ನುತ್ತಾರೆ, ಹೋಟೆಲಿನವರು ‘ರ’ ಎನ್ನುತ್ತಾರೆ, ವಿಷ್ಣುಮೂರ್ತಿ ಭಟ್ಟರು ಕುರ್ಚಿಯ ಮೇಲೆ ಹತ್ತಿ ‘ಗ’ ಎನ್ನುತ್ತಾರೆ. ತೆರೆಯ ಮೇಲೆ ನೂರು ಕೊಕ್ಕೆಗಳು ಒಟ್ಟಿಗೆ ಹಾರುತ್ತವೆ, ತಲೆಕಟ್ಟಿಲ್ಲದ ‘ಜ’ವೂ ‘ಣ’ವೂ ಬರಿದಲೆಯಲ್ಲಿ ಕುಣಿಯುತ್ತವೆ.

ಮತ್ತೆ ಚಿತ್ರದ ಕೊನೆ. ತೆರೆಯ ನಡುವೆ ‘ಕ’ ಒಂಟಿಯಾಗಿದೆ, ನೆತ್ತಿ ಬರಿದು. ಒಂದು ಹಕ್ಕಿ ಮರಳಿ ಬಂದು ಕೂರುತ್ತದೆ. ಇನ್ನು ಉಳಿದದ್ದು ಏಳು ಸೆಕೆಂಡು. ಹಕ್ಕಿ ಎರಡೂ ರೆಕ್ಕೆಗಳನ್ನು ಮೆಲ್ಲಗೆ, ಒಂದು ಹಾಳೆಯೂ ಹಿಂದುಮುಂದಾಗದೆ, ಬಿಚ್ಚುತ್ತ ಹೋಗುತ್ತದೆ. ಪೂರ್ತಿ ಬಿಚ್ಚಿದಾಗ ಕೊಕ್ಕೆ ಇಲ್ಲ. ಮಟ್ಟಸವಾದ, ನೀರಿನಂಥ ಗೆರೆ. ಕನ್ನಡದ ತಲೆಕಟ್ಟು.

ಬೆಳಕು ಬಂದಾಗ ಜನ ಎದ್ದು ನಿಂತಿದ್ದಾರೆ. “ಇನ್ನೊಂದು ಸಲ!” ಎಂಬ ಕೂಗಿಗೆ ಎರಡನೆಯ ಬಾರಿ ಓಡುತ್ತದೆ, ಮತ್ತೆ ಮೂರನೆಯ ಬಾರಿ. ಬೆಂಗಳೂರಿನಿಂದ ತರಿಸಿದ ದೊಡ್ಡ ಚಿತ್ರ ಡಬ್ಬಿಯಲ್ಲೇ ಕಾಯುತ್ತದೆ. ಸೀತಾರಾಮಯ್ಯನವರು ಹಿಂದಿನ ಗೋಡೆಯವರೆಗೆ ತಾವೇ ನಡೆದುಬರುತ್ತಾರೆ.

“ಆ ಎರಡು ಕಣ್ಣು ನಾನೇ ಏನಯ್ಯಾ?”

ಐತಪ್ಪ ಸುಳ್ಳು ಹೇಳಲಾರರು, ಪಕ್ಕಕ್ಕೆ ಬಂದು ನಿಂತ ಹೆಂಡತಿಯನ್ನು ತೋರಿಸುತ್ತಾರೆ. “ಹೌದು ಸ್ವಾಮೀ. ಆದರೆ ನಾನು ಹೇಳಿದ್ದಲ್ಲ, ಇವಳು.”

ಸೀತಾರಾಮಯ್ಯನವರು ಅಕ್ಕು ಅವರತ್ತ ತಿರುಗಿ ಕೈಮುಗಿಯುತ್ತಾರೆ. “ಚೆನ್ನಾಗಿ ನೋಡಿದೀಯಮ್ಮ.” ಅನಂತರ ಐತಪ್ಪನವರಿಗೆ: “ನಾನು ಸುತ್ತಿದ ರುಮಾಲನ್ನ ಬಿಚ್ಚಿ ಹಾರಿಸಿಬಿಟ್ಟೆಯಲ್ಲಯ್ಯಾ. ಮುಂದಿನ ತಿಂಗಳು ನನ್ನ ಹೊಸ ಚಿತ್ರದ ಕೆಲಸ ಶುರು. ಕನ್ನಡದ ಹೆಸರು ನೀನೇ ಬರೀಬೇಕು.”

“ಬರೀತೇನೆ. ಆದರೆ ತೆಲುಗಿನದ್ದೂ ನಾನೇ ಬರೆಯುವುದು. ಎರಡೂ ಒಂದೇ ಮೇಜಿನ ಮೇಲೆ.”

“ಮತ್ತೆ ತಪ್ಪಿದರೆ?”

“ತಪ್ಪಿದರೆ ಇನ್ನೊಂದು ಪಿಕ್ಚರ್ ಆಗ್ತದೆ ಬಿಡಿ!” ಎಂದು ಕಿಟ್ಟಣ್ಣ ನಡುವೆ ಬಾಯಿ ಹಾಕುತ್ತಾರೆ. ಮೊದಲು ನಕ್ಕವರು ಸೀತಾರಾಮಯ್ಯನವರೇ.

ಈಗ ಕ್ಯಾಂಟೀನಿನಲ್ಲಿ ಯಾರೂ ‘ರುಮಾಲ್’ ಎಂದು ಕೂಗುವುದಿಲ್ಲ. ‘ಕಾಕ್ಕಾ ಐತಪ್ಪ’ ಎನ್ನುತ್ತಾರೆ. ಅವರಿಗೆ ಅದರಲ್ಲಿ ತಕರಾರಿಲ್ಲ. ಇನ್ನು ನಾನೂರು ಅಡಿ ತುಂಡುಫಿಲ್ಮು ಸಿಕ್ಕಿದರೆ ಒತ್ತಕ್ಷರಗಳದ್ದೊಂದು ಚಿತ್ರ ಮಾಡುವ ಆಸೆಯಿದೆ. “ಮೇಲಿನ ಅಕ್ಷರಕ್ಕೆ ಹೆಗಲು ಕೊಟ್ಟು ಕೆಳಗೆ ಸಣ್ಣಗೆ ನಿಂತಿರ್ತವಲ್ಲ, ಅವುಗಳನ್ನು ಯಾರೂ ನೋಡುವುದೇ ಇಲ್ಲ” ಎನ್ನುತ್ತಾರೆ.

ಮೊನ್ನೆಯ ಭಾನುವಾರ ಬೆಳಿಗ್ಗೆ ಅದೇ ಕಿರುಕೋಣೆಯಲ್ಲಿ ಅದೇ ಎರಡು ದೀಪ. ಮೇಜಿನ ಮೇಲೆ ಎರಡು ಹಲಗೆ, ಒಂದು ಕುಂಚ. ತೆಲುಗು ಒಣಗಿದೆ, ಕನ್ನಡ ಇನ್ನೂ ಹಸಿ. ಹೊಸ ಚಿತ್ರದ ಹೆಸರಿನಲ್ಲೂ ಒಂದು ‘ಕ’ ಇದೆ. ಕುಂಚ ಎಡದಲ್ಲಿ ಇಳಿದು, ಉಸಿರು ಅಲುಗದೆ, ಬಲದಲ್ಲಿ ಏಳುತ್ತದೆ. ಅಕ್ಕು ಬಗ್ಗಿ, ಎರಡೂ ಹಲಗೆಗಳನ್ನು ತೂಗಿ ನೋಡುತ್ತಾರೆ.

“ಅಲ್ಲಿ ಕಾಗೆ ಉಂಟು. ಇದರಲ್ಲಿ ಇಲ್ವಾ ಮಾರ್ರೆ?”

ಐತಪ್ಪ ಕುಂಚ ತೊಳೆಯುತ್ತ, ತಲೆಯೆತ್ತಿ ಹೇಳುತ್ತಾರೆ: “ಇದರಲ್ಲೂ ಉಂಟು. ರೆಕ್ಕೆ ಬಿಚ್ಚಿ ಕೂತಿದೆ, ನೋಡು.”